ದೊಡ್ಡ ಇಂಜಿನ್ನೂ ಹಲಸಿನ ತುಂಡೂ

ಶಂಕರನಾರಾಯಣ ಪೇಟೆಯಿಂದ ಇನ್ನೂ ಒಳಗೆ ಹೋದರೆ ಒಂದು ಏರು ಇದೆ. ಅದನ್ನು ರಸ್ತೆ ಎಂದು ಕರೆದವನಿಗೆ ಸ್ವಲ್ಪ ನಾಚಿಕೆ ಇರಬೇಕಿತ್ತು. ಒಂದು ಬದಿ ಮುರಕಲ್ಲಿನ ಗೋಡೆಯಂಥ ದರೆ, ಇನ್ನೊಂದು ಬದಿ ಚರಂಡಿಯಂಥ ಕಣಿ, ನಡುವೆ ಮಳೆನೀರು ಕೊರೆದ ಗುಂಡಿಗಳು. ಏರಿನ ತುದಿಯಲ್ಲಿ ದೊಡ್ಡ ಮನೆ, ಆ ಮನೆಯಲ್ಲಿ ಸದಾ ಏನಾದರೊಂದು ಸಮಾರಂಭ. ನೂರಾರು ಜನರಿಗೆ ಊಟ ಹಾಕುವ ಮನಸ್ಸಿರುವವರು ಗುಡ್ಡದ ನೆತ್ತಿಯ ಮೇಲೆಯೇ ಯಾಕೆ ಮನೆ ಕಟ್ಟುತ್ತಾರೋ ದೇವರಿಗೇ ಗೊತ್ತು.

ಸಾಲಿಗ್ರಾಮದ ವೈಕುಂಠ ಐತಾಳನಿಗೆ ಆ ಮನೆಯ ಅಡಿಗೆ ಅಪ್ಪನ ಕಾಲದಿಂದ ಬಂದದ್ದು. ಅವನ ಹಳೆಯ ಪಿಕಪ್ಪು ನಾಲ್ಕೂ ಚಕ್ರಗಳಿಂದ ಎಳೆಯುವಂಥದು. ಕೆಸರಿಗೂ ಹೊಳೆಯ ಹೊಯಿಗೆಗೂ ಅದು ಹೆದರಿದ್ದಿಲ್ಲ. ಆದರೆ ಕೊಪ್ಪರಿಗೆ, ಗ್ರೈಂಡರು, ಅಕ್ಕಿ, ತೆಂಗಿನಕಾಯಿ ಎಲ್ಲ ಹೇರಿಕೊಂಡು ಈ ಏರಿನ ಬುಡಕ್ಕೆ ಬಂದರೆ ಮಾತ್ರ ಅದಕ್ಕೆ ಏದುಸಿರು. ಅಲ್ಲಿಂದ ಮುಂದೆ ಕರಿಯನ ಕೆಲಸ.

ಕರಿಯ ವೈಕುಂಠನ ವಾರಗೆಯವನು. ಪಾತ್ರೆ ಹೇರುವುದು, ಇಳಿಸುವುದು, ಸೌದೆ ಒಡೆಯುವುದು, ಒಲೆಯ ಉರಿ ನೋಡಿಕೊಳ್ಳುವುದು ಎಲ್ಲ ಅವನದೇ. ಗಾಡಿಯ ಹಿಂದೆ ನಿಂತುಕೊಂಡೇ ಬರುವವನು, ಏರು ಶುರುವಾದದ್ದೇ ಕೆಳಗೆ ಹಾರಿ, ಒಂದು ಹಲಸಿನ ಮರದ ತುಂಡು ಹಿಡಿದುಕೊಂಡು ಚಕ್ರದ ಬೆನ್ನಿಗೇ ಓಡುವನು. ಗಾಡಿ ಸೋತು ನಿಂತ ಕ್ಷಣವೇ ತುಂಡನ್ನು ಚಕ್ರದ ಹಿಂದೆ ತುರುಕಬೇಕು. ಗಾಡಿ ಸುಧಾರಿಸಿಕೊಂಡು ನಾಲ್ಕು ಮಾರು ಏರಿತೆಂದರೆ ಮತ್ತೆ ಓಡಬೇಕು, ಮತ್ತೆ ತುರುಕಬೇಕು.

ಕಳೆದ ಸಲ ಆ ತುಂಡು ಒದ್ದೆ ಕಲ್ಲಿನ ಮೇಲೆ ಜಾರಿತು. ಗಾಡಿ ಹಿಂದಕ್ಕೆ ಬಂತು, ಕರಿಯ ದರೆಗೆ ಅಂಟಿಕೊಂಡ. ಚಕ್ರ ಅವನ ಹೆಬ್ಬೆರಳಿನ ಉಗುರನ್ನು ಕಿತ್ತುಕೊಂಡು, ಅದೇನು ಪುಣ್ಯವೋ, ತುಂಡಿಗೆ ತಾಗಿ ನಿಂತಿತು. ಕರಿಯ ಕಾಲು ಕೊಡವಿಕೊಂಡು ನಕ್ಕುಬಿಟ್ಟ. ವೈಕುಂಠನಿಗೆ ನಗು ಬರಲಿಲ್ಲ. ಅವತ್ತು ಸಾರಿಗೆ ಉಪ್ಪು ಹಾಕಿದ್ದೂ ಅವನಿಗೆ ನೆನಪಿರಲಿಲ್ಲ.

"ಇನ್ನ್ ನೀ ಇಳುದ್ ಬ್ಯಾಡ," ಎಂದ.

"ನಾ ಇಳಿದೆ ಇದ್ರೆ ಗಾಡಿ ಏರುದ್ ಹ್ಯಾಂಗ್? ನೀವ್ ಸುಮ್ನಿರಿ ಕಾಂಬ, ಐತಾಳ್ರೆ," ಎಂದ ಕರಿಯ.

ಮನೆಯಲ್ಲಿ ಹೆಂಡತಿ ಗೋಮತಿಯೂ ಬಿಡಲಿಲ್ಲ. "ಗಾಡಿ ಮಾರಿ, ಇಲ್ದಿರೆ ಆ ಮನಿ ಅಡ್ಗಿ ಬಿಡಿ. ಅಂವಂಗ್ ಎಂತಾರೂ ಆರೆ ಜಲಜನ ಮೊಕ ಕಾಂಬುಕೆ ನನ್ನತ್ರ ಆಪ್ದಲ್ಲ." ಜಲಜ ಕರಿಯನ ಹೆಂಡತಿ. ಆ ಮಾತು ವೈಕುಂಠನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಬ್ರಹ್ಮಾವರದಲ್ಲಿ ಗ್ಯಾರೇಜ್ ಇಟ್ಟಿರುವ ಪ್ರೇಮಾನಂದ ಬಾನೆಟ್ಟು ಎತ್ತಿ ನೋಡಿದ. ಅಡಿಗೆಯವನಿಗೆ ಅಡಿಗೆಯ ಮಾತಿನಲ್ಲೇ ಹೇಳಿದ: "ಕೊಪ್ರಿಗಿ ದೊಡ್ಡದ್, ಒಲಿ ಸಣ್ಣದ್. ಒಲಿ ಬದ್ಲ್ ಮಾಡ್ವ, ಐತಾಳ್ರೆ."

ಒಲೆ ಬದಲು ಮಾಡುವುದು ಹೇಳಿದಷ್ಟು ಸುಲಭವಾಗಲಿಲ್ಲ. ಗುಜರಿಗೆ ಹೋಗಿದ್ದ ವ್ಯಾನೊಂದರ ದೊಡ್ಡ ಇಂಜಿನ್ ಸಿಕ್ಕಿತು. ತಂದರೆ ಅದು ಹಳೆಯ ಗೇರ್‌ಬಾಕ್ಸಿಗೆ ಕೂರಲೊಲ್ಲದು. ನಡುವೆ ಹಾಕಲು ದಪ್ಪದೊಂದು ಕಬ್ಬಿಣದ ಪ್ಲೇಟನ್ನು ಲೇತ್ ಯಂತ್ರದಲ್ಲಿ ಕೊರೆಸಬೇಕಾಯಿತು. ಅದು ಕೂತಿತು ಎನ್ನುವಾಗ ಬಾನೆಟ್ಟು ಮುಚ್ಚಲಿಲ್ಲ. ಪ್ರೇಮಾನಂದ ಅದನ್ನು ಕತ್ತರಿಸಿ ಮೇಲೊಂದು ಉಬ್ಬು ಬೆಸೆದ. ರೇಡಿಯೇಟರು ದೊಡ್ಡದು ಬಂತು, ಬ್ರೇಕೂ ಹೊಸದಾಯಿತು. ವೈಕುಂಠ ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ಕೂರುವ ಹಾಗೆ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಕಾದ. ಕೊನೆಗೆ ಸಾರಿಗೆ ಕಚೇರಿಯವರೂ ನೋಡಿ ಒಪ್ಪಿದರು. ಗಾಡಿ ಬ್ರಹ್ಮಾವರದಿಂದ ಸಾಲಿಗ್ರಾಮಕ್ಕೆ ಬರುವಾಗ ಅದರ ದನಿಯೇ ಬೇರೆ. ಖಾಲಿ ಗಾಡಿಯ ದನಿ ನಂಬಿ ಏನು ಮಾಡುವುದು? ಆ ಏರು ಹತ್ತಿದ ಮೇಲೆ ಮಾತು.

ಆ ಮನೆಯಿಂದಲೇ ಕರೆಯೂ ಬಂತು. ಮಗಳು ಮೋಕ್ಷಿತಾಳ ಮದುವೆ. ಉಳಿದ ಅಡಿಗೆಯವರು ಸಂಜೆಗೆ ಬರುವುದು, ಸಾಮಾನು ಹೇರಿಕೊಂಡು ಇವರಿಬ್ಬರೇ ಮುಂಚೆ ಹೋಗುವುದು ಎಂದಾಯಿತು. ಹೊರಡುವಾಗ ವೈಕುಂಠ ಪಕ್ಕದ ಸೀಟು ಒರೆಸಿ, "ಮುಂದ್ ಕೂಕೋ ಮರಾಯ," ಎಂದ.

ಕರಿಯ ಹಲಸಿನ ತುಂಡು ಹಿಡಿದುಕೊಂಡು ಹಿಂದೆಯೇ ಹತ್ತಿದ. "ಮುಂದ್ ಕೂಕಂಡ್ರೆ ಅಡ್ಡ ಕೊಡುದ್ ಯಾರ್?"

"ಇಳುದ್ ಬ್ಯಾಡ, ಹೇಳಿದ್ದೆ."

"ಆಯ್ತ್ ಆಯ್ತ್. ಹೊರ್ಡಿ ನೀವ್."

ಏರಿನ ಬುಡದಲ್ಲಿ ವೈಕುಂಠ ಸಣ್ಣ ಗೇರಿಗೆ ಹಾಕಿ, ಊರ ದೇವರು ಗುರುನರಸಿಂಹನನ್ನು ನೆನೆದು ಕಾಲು ಒತ್ತಿದ. ಗಾಡಿ ಒಮ್ಮೆ ಗುಟುರು ಹಾಕಿ ಹೊರಟದ್ದು, ಸಪಾಟು ನೆಲದಲ್ಲಿ ಹೋದಂತೆ ಏರತೊಡಗಿತು. ಗಾಡಿ ಯಾವಾಗಲೂ ಸೋತು ನಿಲ್ಲುತ್ತಿದ್ದ ಜಾಗದ ಬೋಗಿ ಮರ ಹತ್ತಿರ ಬಂತು. ಅಷ್ಟರಲ್ಲಿ ಹಿಂದೆ ಏನೋ ಧಡ್ ಎಂದು ಬಿತ್ತು.

ಕನ್ನಡಿ ನೋಡಿದ. ಹಿಂದಿನ ಬಾಗಿಲು ನೇತಾಡುತ್ತಿತ್ತು. ಕರಿಯ ಇಲ್ಲ.

ನಿಲ್ಲಿಸಿದರೆ? ಅವನು ಚಕ್ರದ ಹಿಂದೆಯೇ ಬಿದ್ದಿದ್ದರೆ, ಗಾಡಿ ಒಂದು ಗೇಣು ಹಿಂದೆ ಬಂದರೂ ಮುಗಿಯಿತು. ನಿಲ್ಲಿಸದಿದ್ದರೆ ಬಿದ್ದವನನ್ನು ಬಿಟ್ಟು ಹೋದಂತೆ. ಹಳೆಯ ಇಂಜಿನ್ ಆಗಿದ್ದರೆ ಈ ಪ್ರಶ್ನೆಯೇ ಇರಲಿಲ್ಲ, ಅದು ತಾನಾಗಿಯೇ ನಿಂತು ಜಾರುತ್ತಿತ್ತು. ವೈಕುಂಠ ಹಲ್ಲು ಕಚ್ಚಿ ಕಾಲು ಒತ್ತಿಯೇ ಹಿಡಿದ. ಬೋಗಿ ಮರ ಹಿಂದೆ ಹೋಯಿತು, ತಿರುವೂ ಹೋಯಿತು. ಇಷ್ಟು ಕಾಲ ಬೇಡಿಕೊಂಡಿದ್ದ ಬಲ ಗಾಡಿಗೆ ಬಂದಿತ್ತು, ಅದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ.

ತುದಿ ತಲುಪಿ, ಹ್ಯಾಂಡ್‌ಬ್ರೇಕ್ ಎಳೆದು, ಬಂದ ದಾರಿಯಲ್ಲೇ ಕೆಳಗೆ ಓಡಿದ. ಮೊದಲು ಸಿಕ್ಕಿದ್ದು ಒಂದು ತೆಂಗಿನಕಾಯಿ. ಇನ್ನೂ ಕೆಳಗೆ ಮತ್ತೆರಡು, ಹರಿದ ಗೋಣಿ. ಅದರಾಚೆ ಕರಿಯ ತಲೆಗೆ ಸುತ್ತಿಕೊಳ್ಳುವ ಬೈರಾಸು, ದಾರಿಯ ನಡುವೆ, ಮಣ್ಣಾಗಿ.

"ಕರಿಯಾ!"

ಜಲಜನ ಮುಖ ಕಣ್ಣ ಮುಂದೆ ಬಂತು. ವೈಕುಂಠ ಬೈರಾಸನ್ನು ಎತ್ತಿಕೊಂಡ, ಮುಂದೆ ಹೆಜ್ಜೆ ಇಡಲು ಧೈರ್ಯ ಸಾಲಲಿಲ್ಲ.

"ಹ್ವಾಯ್!" ಕಣಿಯೊಳಗಿಂದ ಒಂದು ತಲೆ ಎದ್ದಿತು. "ಗಾಡಿ ನಿಲ್ಸುಕ್ ಎಂತ ಆಯಿತ್ತ್ ನಿಮ್ಗೆ? ಕಾಯಿ ಅಷ್ಟೂ ಕಣಿಗ್ ಹೊಯ್ತ್!"

ಕರಿಯ ಲುಂಗಿಯ ಮಡಿಲಲ್ಲಿ ಕಾಯಿ ತುಂಬಿಕೊಂಡು, ಕಂಕುಳಲ್ಲಿ ಹಲಸಿನ ತುಂಡು ಇರುಕಿಸಿಕೊಂಡು ನಿಂತಿದ್ದ. ಮೈಮೇಲೆ ಒಂದು ಗೀರೂ ಇಲ್ಲ. ವೈಕುಂಠ ದಾರಿಯ ಮಧ್ಯದಲ್ಲೇ ಕುಕ್ಕರಿಸಿದ. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಇಳುದ್ ಬ್ಯಾಡ ಅಂದಿದ್ನಲ್ದಾ ನಿಂಗೆ? ಕೆಮಿ ಕೇಂತಿಲ್ಯಾ? ನನ್ ಜೀವ ಬಾಯಿಗ್ ಬಂದಿತ್ತ್ ಮರಾಯ!"

"ನಾ ಇಳೂಕಂದೇಳಿ ಇಳ್ದದ್ದಲ್ಲ. ಬೋಗಿ ಮರ ಕಂಡದ್ದೇ ಕಾಲ್ ತನ್ನಷ್ಟಕ್ಕೇ ಇಳಿತ್." ಬೇಗ ಇಳಿಯಲೆಂದು ಹಿಂದಿನ ಬಾಗಿಲಿನ ಕೊಂಡಿಯನ್ನೂ ಅವನೇ ಎಂದಿನಂತೆ ಬಿಡಿಸಿದ್ದ. ಕಾಯಿಯ ಗೋಣಿ ಅವನ ಹಿಂದೆಯೇ ಉರುಳಿತ್ತು. "ಮತ್ತ್ ಓಡ್ದೆ. ಗಾಡಿ ನಿಂತ್ರಲ್ದಾ ಅಡ್ಡ ಕೊಡುದ್? ಅದ್ ನನ್ನ್ ತಿರ್ಗಿಯೂ ಕಾಣ್ಲಿಲ್ಲ."

ವೈಕುಂಠನಿಗೆ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ಕರಿಯ ನಗಲಿಲ್ಲ. ಮಡಿಲಿನ ಕಾಯಿಗಳನ್ನು ದಾರಿಯ ಬದಿಯಲ್ಲಿ ಸುರಿದು, ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಹಂಗಾರೆ ಇನ್ನ್ ನನ್ ಕೆಲ್ಸ ಎಂತ, ಐತಾಳ್ರೆ?"

"ಮುಂದ್ ಕೂಕಂಬುದ್. ಕೂಕಂಡ್, ನಾ ಗಾಡಿ ಬಿಡುದ್ ಸಮ ಇಲ್ಲ ಅಂದೇಳಿ ಬಯ್ಯುದ್."

"ಅದ್ ಈಗಳೂ ಬೈತೆ," ಎಂದ ಕರಿಯ. ಆಗ ಅವನ ಮುಖದಲ್ಲೂ ನಗು ಕಂಡಿತು. ಇಬ್ಬರೂ ಕಾಯಿ ಹೊತ್ತುಕೊಂಡು ಏರು ಹತ್ತಿದರು, ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡರು.

ಸಂಜೆ ಮದುವೆ ಮನೆಯ ಹಿತ್ತಲಲ್ಲಿ ಒಲೆ ಹೂಡಿದ್ದಾಯಿತು. ವೈಕುಂಠ ಒಲೆಗೆ ಅರಸಿನ ಕುಂಕುಮ ಹಚ್ಚಿ, ಕರ್ಪೂರ ಇಟ್ಟು ಕೈಮುಗಿದ. ಸೌದೆ ಜೋಡಿಸುತ್ತಿದ್ದ ಕರಿಯ ಪಕ್ಕದಲ್ಲಿದ್ದ ಹಲಸಿನ ತುಂಡನ್ನು ಎತ್ತಿ ಸೌದೆಯ ನಡುವೆ ತುರುಕಿದ. ಎಷ್ಟೋ ವರ್ಷ ಚಕ್ರದ ಹಿಂದೆ ತುರುಕುತ್ತಿದ್ದ ಅದೇ ರೀತಿ, ಒಂದೇ ಏಟಿಗೆ.

"ಅಯ್ಯೋ, ಅದ್ ಇರ್ಲಿ ಮರಾಯ," ಎಂದ ವೈಕುಂಠ.

"ಎಂತಕ್ಕೆ? ಒಣ್ಗಿದ್ ಹಲ್ಸ್, ಚೆಂದ ಉರಿತ್ತ್."

ಕಾಫಿಗೆ ಹಾಲಿಟ್ಟರು. ತುಂಡಿಗೆ ಬೆಂಕಿ ಹಿಡಿಯಲು ಹೊತ್ತಾಯಿತು, ಹಿಡಿದ ಮೇಲೆ ನಿಧಾನವಾಗಿ ಉರಿಯಿತು. ಅಷ್ಟರಲ್ಲಿ ಗೋಮತಿಯ ಫೋನು ಬಂತು. ಇಂಜಿನ್ ಹೇಗೆ, ಗಾಡಿ ಹೇಗೆ ಎಂದು ಅವಳು ಕೇಳಲೇ ಇಲ್ಲ.

"ಕರಿಯ ಈಗ ಎಲ್ಲಿದ್ದ?"

ವೈಕುಂಠ ಒಲೆಯ ಕಡೆ ನೋಡಿದ.

"ಇಲ್ಲೇ ಇದ್ದ," ಎಂದ. "ಒಲಿ ಬುಡದಗ್ ಕೂಕಂಡ್ ಕಾಫಿ ಕುಡಿತಿದ್ದ. ಜಲಜಂಗೂ ಹೇಳ್."