ಬುರುಡೆಯ ಮೇಲಿನ ಅರ್ಧ ಪದ್ಯ

ಬಿಸಿಲಿಗೆ ಒಣಗಿ ಬೆಳ್ಳಗಾದ ಕಾಡೆಮ್ಮೆಯ ತಲೆಬುರುಡೆಗಿಂತ ಒಳ್ಳೆಯ ಹಲಗೆ ಆ ಬಯಲಿನಲ್ಲಿ ಇನ್ನೊಂದಿರಲಿಲ್ಲ. ಹೊಸ ನೆಲ ಹುಡುಕಿ ಅಮೆರಿಕದ ಪಡುವಣಕ್ಕೆ ಗಾಡಿ ಕಟ್ಟಿ ಓರೆಗಾನ್ ದಾರಿ ಹಿಡಿದವರೆಲ್ಲ ಹಿಂದೆ ಬರುವವರಿಗೆಂದು ಅಂಥ ಬುರುಡೆಗಳ ಮೇಲೆ ಸುದ್ದಿ ಬರೆದಿಟ್ಟು ಹೋಗುತ್ತಿದ್ದರು. ಇಲ್ಲಿ ನೀರು ಕೆಟ್ಟಿದೆ, ಮುಂದೆ ಹುಲ್ಲಿದೆ, ನಾವು ಕ್ಷೇಮ. ಥರ್ಜಾ ಮಾತ್ರ ಪದ್ಯ ಬರೆಯುತ್ತಿದ್ದಳು, ಅದೂ ಅರ್ಧ.

ಉಳಿದರ್ಧ ತಂಗಿ ಲೊವೀನಾಳದು. ಮಿಸೂರಿಯ ತವರಿನಲ್ಲಿ ಹಾಲು ಕರೆಯುವಾಗಲೂ ಇಬ್ಬರದು ಇದೇ ಆಟ. ಅಕ್ಕ ಒಂದು ಸಾಲು ಎಸೆದರೆ ತಂಗಿ ಇನ್ನೊಂದು ಸಾಲು ಕೂಡಿಸಬೇಕು. ಈಗ ಲೊವೀನಾ ತನ್ನ ಗಂಡ ಜೋಥಮ್‌ನೊಡನೆ ಹಿಂದಿನ ತಂಡದಲ್ಲಿ, ಹಸಿರು ಬಳಿದ ಗಾಡಿಯಲ್ಲಿ ಬರುತ್ತಿದ್ದಳು. ಥರ್ಜಾ ಗಾಡಿಯಡಿ ತೂಗುವ ಬುಡ್ಡಿಯ ಕೀಲೆಣ್ಣೆಯಲ್ಲಿ ಕಡ್ಡಿ ಅದ್ದಿ ತನ್ನ ಸಾಲು ಬರೆದು, ಕೆಳಗೆ ಜಾಗ ಬಿಟ್ಟು ಹೋಗುವಳು. ತಂಗಿ ಏನು ಕೂಡಿಸಿದಳೆಂದು ಇವಳಿಗೆ ತಿಳಿಯುವಂತಿರಲಿಲ್ಲ. ಹಿಂದಿನವರಿಗೆ ಮುಂದಿನವರ ಸುದ್ದಿ ಸಿಗುತ್ತದೆ, ಮುಂದಿನವರಿಗೆ ಹಿಂದಿನವರ ಸುದ್ದಿ ಸಿಗುವುದಿಲ್ಲ. ಹಾಳಾದ ದಾರಿಯೇ ಅಂಥದ್ದು.

“ತೋಳಗಳಿಗೆ ಅಕ್ಷರ ಕಲಿಸ್ತಿದ್ದೀಯೇನೇ?” ಎಂದು ಗಂಡ ಎಲ್ಕನಾ ಛೇಡಿಸುತ್ತಿದ್ದ. “ಎಣ್ಣೆಯೆಲ್ಲ ನಿನ್ನ ಪದ್ಯಕ್ಕೇ ಆದ್ರೆ ಗಾಲಿಗೆ ನಾನೇನು ಹಚ್ಚಲಿ?”

“ನಿಮ್ಮ ನಾಲಿಗೆಗಿರೋ ಎಣ್ಣೇನೇ ಸಾಕು,” ಎನ್ನುವಳು ಥರ್ಜಾ. ಆದರೆ ಅವಳಿಗೆ ಒಳಗೊಳಗೇ ಹೆದರಿಕೆ. ಪ್ಲಾಟ್ ಹೊಳೆಯ ಉದ್ದಕ್ಕೂ ವಾಂತಿಭೇದಿ ಹಬ್ಬಿತ್ತು. ದಿನವೂ ಹೊಸ ಗೋರಿಗಳನ್ನು ದಾಟುತ್ತ ಬಂದಿದ್ದಳು.

ಹೊಳೆ ಬಿಟ್ಟು ಬೆಟ್ಟ ಹತ್ತುವ ಹೊತ್ತಿಗೆ, ಹೇಸರಗತ್ತೆಗಳ ಮೇಲೆ ಹಗುರಾಗಿ ಸಾಗುವ ಒಬ್ಬ ಮುದುಕ ಇವರ ತಂಡವನ್ನು ಹಿಂದಿನಿಂದ ಬಂದು ಕೂಡಿಕೊಂಡ. ಥರ್ಜಾ ಕಾಫಿ ಕೊಟ್ಟಳು. ಅವಳ ಕೈಯ ಕೀಲೆಣ್ಣೆಯ ಕರೆ ನೋಡಿ ಅವನು ನಕ್ಕ.

“ಆ ಬುರುಡೆ ಪದ್ಯ ನಿಂದೇನಾ ತಾಯಿ? ‘ಹೊಳೆಯೊಂದು ದಾಟಿದೆವು, ಒಲೆಗೆ ಸೌದೆಯಿಲ್ಲ’?”

“ನಂದೇ ಅಜ್ಜ. ಅದರ ಕೆಳಗೆ ಏನಾದ್ರೂ ಇತ್ತಾ?”

“ಇತ್ತಮ್ಮ, ನೀಲಿ ಪೆನ್ಸಿಲ್ಲಲ್ಲಿ. ‘ಹಳೆಯ ಸಿಟ್ಟಿದೆಯಲ್ಲ, ಅದನೇ ಹೊತ್ತಿಸಕ್ಕ.’ ಓದಿ ಹೊಟ್ಟೆ ಹಿಡ್ಕೊಂಡು ನಕ್ಕೆ.”

ಥರ್ಜಾಳೂ ನಕ್ಕಳು, ಎಷ್ಟೋ ದಿನಗಳ ಮೇಲೆ. “ಆಮೇಲಿಂದು ಹೇಳಿ. ದಾರೀಲಿ ಆ ಒಂಟಿ ಕಲ್ಲಿದೆಯಲ್ಲ, ಅದರ ಹತ್ರ ಬರೆದಿದ್ದು?”

ಮುದುಕ ಲೋಟ ಕೆಳಗಿಟ್ಟ. “ಆಮೇಲಿನವಕ್ಕೆ ಕೆಳಗೇನೂ ಇರ್ಲಿಲ್ಲ ತಾಯಿ. ಕಲ್ಲಿನ ಹತ್ರ ಹಸಿರು ಗಾಡಿಯವನೊಬ್ಬ ಸಿಕ್ಕಿದ. ಒಬ್ಬನೇ ಹೊಡ್ಕೊಂಡು ಬರ್ತಿದ್ದ, ಗಾಡಿಯೊಳಗೆ ಹೆಂಗಸಿನ ಟೋಪಿ ನೇತಾಡ್ತಿತ್ತು. ಬುರುಡೆ ಕಂಡ ಕಡೆಯೆಲ್ಲ ಇಳಿದು ಅಕ್ಷರ ಸವರ್ತಾನೆ. ‘ನಂಗೆ ಓದೋಕೆ ಬರಲ್ಲ, ಓದಿ ಹೇಳೋಳು ಹೋದ್ಲು’ ಅಂದ. ನಾನೇ ಓದ್ದೆ, ‘ಒಂಟಿ ಕಲ್ಲನು ಕಂಡೆ, ಮಾತಾಡಿಸಿ ಬಂದೆ.’ ‘ಅಷ್ಟೇನಾ?’ ಅಂದ. ಅಷ್ಟೇ ಅಂದೆ.”

ಥರ್ಜಾ ಅಳಲಿಲ್ಲ. ಲೋಟ ತೊಳೆದಿಟ್ಟಳು. ಲೊವೀನಾಳ ಗೋರಿ ಹಿಂದೆ ಎಲ್ಲೋ ಇತ್ತು, ಗಾಡಿಗಳು ಮುಂದೆಯೇ ಹೋಗುತ್ತಿದ್ದವು. ಪ್ರಪಂಚದಲ್ಲಿ ಎರಡನೆಯ ಸಾಲು ಹೇಳುವವರು ಇನ್ನು ಯಾರೂ ಇಲ್ಲ ಎಂಬುದು ಸಂಜೆಯವರೆಗೆ ಅವಳ ಜೊತೆಯಲ್ಲೇ ನಡೆದು ಬಂತು.

ಬಿಡಾರ ಹೂಡಿದ ಮೇಲೆ ಎಲ್ಕನಾ ತಾನಾಗಿಯೇ ಒಂದು ಬುರುಡೆ ಹುಡುಕಿ ತಂದ. ಅಂಗಿತೋಳಿನಲ್ಲಿ ಒರೆಸಿ, ಪಕ್ಕದಲ್ಲಿ ಕೀಲೆಣ್ಣೆ ಬುಡ್ಡಿಯಿಟ್ಟ.

“ಜೋಥಮ್‌ಗೆ ಓದೋಕೆ ಬರಲ್ಲ,” ಎಂದಳು ಥರ್ಜಾ.

“ಆದ್ರೂ ಇಳಿದು ನೋಡ್ತಾನಂತಲ್ಲೇ.”

ಅವಳು ತನ್ನ ಸಾಲು ಬರೆದು, ರೂಢಿಯಂತೆ ಕೆಳಗೆ ಜಾಗ ಬಿಟ್ಟಳು. ಆಮೇಲೆ ತನ್ನ ಎಡಗೈ ನೋಡಿಕೊಂಡಳು. ಚಿಕ್ಕವಳಿದ್ದಾಗ ಸೌದೆ ಸೀಳುವಾಗ ತೋರುಬೆರಳಿನ ಅರ್ಧ ಹೋಗಿತ್ತು. ರಕ್ತ ನಿಲ್ಲಲು ಬಟ್ಟೆ ಕಟ್ಟಿದವಳು ಲೊವೀನಾ. ಮದುವೆಯಾದಂದಿನಿಂದ ಜೋಥಮ್ “ನಾಲ್ಕೂವರೆ ಬೆರಳಿನ ಅತ್ತಿಗೆ” ಎಂದೇ ಕರೆಯುತ್ತಿದ್ದ.

ಆ ಅಂಗೈಯನ್ನು ಕೀಲೆಣ್ಣೆಯಲ್ಲಿ ಅದ್ದಿ, ತಂಗಿಗೆಂದು ಬಿಟ್ಟ ಜಾಗದಲ್ಲಿ ಊರಿ ಒತ್ತಿದಳು. ಎಲ್ಕನಾ ಬುರುಡೆಯನ್ನು ದಾರಿಯ ಪಕ್ಕ, ಮಿಸೂರಿಯ ಕಡೆಗೆ ಮುಖ ಮಾಡಿ ನಿಲ್ಲಿಸಿದ.