ಅಳಬಾರದ ಕಣ್ಣು

ನನ್ನ ಗಂಡ ಅಮರನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಅತ್ತೆ ಗೌರವ್ವ ಚಹಾವನ್ನು ಕಪ್ಪಿನ ಹೊರಗೆ ಸುರಿದರು.

"ಅತ್ತಿ, ಕಾಣವಲ್ತೇನ್ರಿ?"

ಅವರ ಎಡಗಣ್ಣು ಒಳಗಿನ ಒತ್ತಡ ಹೆಚ್ಚಾಗಿ ಎಂದೋ ಹೋಗಿದೆ. ಉಳಿದ ಬಲಗಣ್ಣಿಗೆ ಎರಡು ವರ್ಷದ ಹಿಂದೆ ಅಮರನೇ ಬೆಳಗಾವಿಯಲ್ಲಿ ಪೊರೆಯ ಆಪರೇಶನ್ ಮಾಡಿಸಿದ್ದ.

"ಅವ ಹೋದ ರಾತ್ರಿ ನಾ ಅತ್ತಿದ್ನಲ್ಲ, ಮುಂಜಾನೆದ್ರ ಎಲ್ಲಾ ಮಂಜು. ಮನಿ ತುಂಬ ಮಂದಿ ಇದ್ರಂತ ಹೇಳಲಿಲ್ಲ. ಆಪರೇಶನ್ ಆದಾಗ ಅವನೇ ಹೇಳಿದ್ದ, ಅಳಬ್ಯಾಡವ್ವಾ ಅಂತ. ಇದ್ದೊಂದು ಕಣ್ಣು ಕೈಯಾರ ಕಳಕೊಂಡೆ."

ಮಣ್ಣು ಮಾಡುವಾಗ ಅವರು ಅಳಲಿಲ್ಲ. ಕಲ್ಲು ಮನಸ್ಸು ಎಂದು ಹೆಂಗಸರು ಪಿಸುಗುಟ್ಟಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ನಾನೂ ಅತ್ತಿರಲಿಲ್ಲ, ನನಗೆ ಮಾತ್ರ ಪಾಪ ಎಂದಿದ್ದರು.

ಖಾನಾಪುರದಿಂದ ಸಿಕ್ಕ ಮೊದಲ ಬಸ್ಸಿಗೇ ಬೆಳಗಾವಿಗೆ ಹೊರಟೆವು.

ಡಾಕ್ಟರ್ ಸಾಯಲಿ ಬಹಳ ಹೊತ್ತು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ನಾನು ಕುರ್ಚಿಯ ಅಂಚು ಹಿಡಿದಿದ್ದೆ.

"ಆಪರೇಶನ್‌ನಾಗ ಪೊರಿ ತಗೀತೀವಿ, ಅದರ ಸುತ್ತಿನ ಚೀಲ ಬಿಟ್ಟಿರ್ತೀವಿ. ಹೊಸ ಲೆನ್ಸ್ ಅದರಾಗ ಕುಂದರಬೇಕಲ್ರಿ. ಆ ಚೀಲದ ಹಿಂದಿನ ಪದರ ಮಬ್ಬಾಗೇತಿ, ಅಷ್ಟ. ತಿಂಗಳುಗಟ್ಟಲೆ ಆಗ್ತಾ ಬಂದಿರ್ತದ, ನಿಮಗ ಈಗ ಗೊತ್ತಾತು."

"ಅತ್ತದ್ದಕ್ಕ ಅಲ್ಲೇನ್ರಿ?" ಎಂದರು ಅತ್ತೆ.

"ಕಣ್ಣೀರು ಹೊರಗ, ಚೀಲ ಒಳಗ. ಒಂದಕ್ಕೊಂದು ಮುಟ್ಟೂದಿಲ್ಲ."

"ಹಂಗಾರ ಅಳಬಹುದು?"

"ಮೊದಲ ಲೇಸರ್‌ನಿಂದ ಆ ಪದರದಾಗ ಕಿಂಡಿ ಮಾಡೂಣು. ಗದ್ದ ಇಲ್ಲಿಡ್ರಿ, ಅಲ್ಲಾಡಬ್ಯಾಡ್ರಿ. ಆಮ್ಯಾಲ ಎಷ್ಟ ಬೇಕಾದ್ರೂ ಅಳ್ರಿ."

ಐದು ನಿಮಿಷವೂ ಹಿಡಿಯಲಿಲ್ಲ.

ವಾಪಸು ಬಸ್ಸಿನಲ್ಲಿ ಕೂತವರೇ ಅತ್ತೆ ಅಳತೊಡಗಿದರು. ದೇಸೂರು ದಾಟಿದರೂ ನಿಲ್ಲಲಿಲ್ಲ. ಮುಂದಿನ ಸೀಟಿನವಳು ಗಾಬರಿಯಾಗಿ ತಿರುಗಿದಳು. "ಏನಾತ್ರಿ ಅಜ್ಜಿ?"

"ಏನಿಲ್ಲವಾ. ಡಾಕ್ಟರು ಅಳಬಹುದು ಅಂದಾರ."

ನನಗೆ ನಗು ಬಂದುಬಿಟ್ಟಿತು. ನಗುತ್ತಲೇ ನಾನೂ ಅತ್ತೆ.

ಮರುದಿನ ಪಾತ್ರೆ ತೊಳೆಯುತ್ತಿದ್ದ ಅತ್ತೆ ಸ್ಟೀಲಿನ ಡಬ್ಬಿಯೊಂದನ್ನು ಬಿಸಿಲಿಗೆ ಹಿಡಿದರು. "ಸಾಕ್ಷಿ, ಇದು ನಮ್ಮದಲ್ಲ. ಕಾಂತಾ ಅಂತ ಕೊರದಾರ ನೋಡು."

ತನ್ನ ಡಬ್ಬಿಯ ಮುಚ್ಚಳ ಮುರಿದಾಗ ಅಮರ ಪಕ್ಕದ ಮನೆಯ ಕಾಂತಾ ವೈನಿಯಿಂದ ಕೇಳಿ ತಂದದ್ದು. ದಿನಾ ಅದರಲ್ಲೇ ಅವನಿಗೆ ಊಟ ಕಟ್ಟಿಕೊಟ್ಟವಳು ನಾನು. ಹೆಸರು ನೋಡಿರಲಿಲ್ಲ.

ಖಾಲಿ ಕೊಡಬಾರದೆಂದು ಅತ್ತೆ ಹಿಡಿ ಸಕ್ಕರೆ ಹಾಕಿದರು. ನಾನು ಕೊಟ್ಟುಬರಲು ಹೋದೆ.

"ಇದಕ್ಕೇನ್ ಅವಸರಿತ್ತು?" ಎಂದರು ಕಾಂತಾ ವೈನಿ. ಆಮೇಲೆ ದನಿ ತಗ್ಗಿಸಿ, "ಅತ್ತಿಯವರ ಕಣ್ಣು?"

"ಇದರ ಮ್ಯಾಲಿನ ನಿಮ್ಮ ಹೆಸರು ಅವ್ರೇ ಓದಿದ್ರು ವೈನಿ," ಎಂದು ಡಬ್ಬಿ ಅವರ ಕೈಗಿಟ್ಟೆ.