ಪೀರ್ ಸಾಬರ ಕರಿ ಕೋಟು

ಪೀರ್ ಸಾಬ್ ಪೈಲ್ವಾನರು ಯಾರ ಮನೆಗೆ ಬಂದರೂ ಎಲ್ಲರಂತೆ ಮುಂದಕ್ಕೇ ನಡೆದು ಬರುತ್ತಿದ್ದರು. ಹೊರಡುವಾಗ ಮಾತ್ರ ಹಿಮ್ಮುಖವಾಗಿ ಹೊರಡುತ್ತಿದ್ದರು. ಕೂತವರಿಗೆಲ್ಲ ಸಲಾಮು ಮಾಡಿ, ಎಡಗೈಯನ್ನು ಹಿಂದಕ್ಕೆ ಚಾಚಿ ಬಾಗಿಲನ್ನು ತಡವಿಕೊಂಡು, ಹೊಸ್ತಿಲನ್ನು ಹಿಮ್ಮಡಿಯಿಂದಲೇ ಗುರುತು ಹಿಡಿದು, ಸಾಕಿದ ಆನೆಯೊಂದು ಇಕ್ಕಟ್ಟಿನ ಓಣಿಯಿಂದ ಹಿಂದೆ ಸರಿಯುವಷ್ಟು ಜಾಗರೂಕತೆಯಿಂದ ಬೀದಿಗೆ ಇಳಿಯುತ್ತಿದ್ದರು. ಮೈಮೇಲೆ, ಯುಗಾದಿಯ ಬಿಸಿಲಿರಲಿ ಆಷಾಢದ ಗಾಳಿಯಿರಲಿ, ಹಿತ್ತಾಳೆ ಗುಂಡಿಗಳ ಅದೇ ಕರಿಯ ಉಣ್ಣೆ ಕೋಟು. ಹುಣಸೂರಿನಲ್ಲಿ ಅವರ ಬೆನ್ನನ್ನು ಕಂಡವರು ಯಾರೂ ಇರಲಿಲ್ಲ. ಆ ಕೋಟಿನ ಬೆನ್ನನ್ನು ಕಂಡವರೂ ವಿರಳ.

ಈ ಹಿಮ್ಮುಖ ಗಮನಕ್ಕೆ ಊರಿನಲ್ಲಿ ಎರಡು ಭಾಷ್ಯಗಳಿದ್ದವು. ಅರಮನೆಯ ಪಕ್ಷದವರು, ಮಹಾರಾಜರ ಸಮ್ಮುಖದಲ್ಲಿ ಕುಸ್ತಿ ಮಾಡಿದವರಿಗೆ ದರ್ಬಾರಿನ ರಿವಾಜು ರಕ್ತದಲ್ಲಿ ಸೇರಿಹೋಗುತ್ತದೆ, ಬೆನ್ನು ತಿರುಗಿಸಿ ನಡೆಯಲು ಅವರಿಗೆ ಬರುವುದೇ ಇಲ್ಲ ಎನ್ನುತ್ತಿದ್ದರು. ದೃಷ್ಟಿಯ ಪಕ್ಷದವರದು ಇನ್ನೂ ಗಹನವಾದ ವಾದ. ಕುಸ್ತಿಯಲ್ಲಿ ಎರಡು ಭುಜವೂ ಮಣ್ಣಿಗೆ ತಾಗಿದರೆ ಚಿತ್, ಸೋತಂತೆ. ಮೂವತ್ತು ವರ್ಷ ಅಖಾಡದಲ್ಲಿದ್ದೂ ಒಮ್ಮೆಯೂ ಮಣ್ಣು ಕಾಣದ ಬೆನ್ನು ಇಡೀ ಸಂಸ್ಥಾನದಲ್ಲಿ ಇದೊಂದೇ. ಅಂಥದ್ದನ್ನು ಸಿಕ್ಕವರಿಗೆಲ್ಲ ತೋರಿಸಿದರೆ ಕಣ್ಣು ಬೀಳುವುದಿಲ್ಲವೇ?

ನಾನು ಎರಡೂ ಪಕ್ಷಕ್ಕೆ ಸೇರದ ವಿವೇಕಿ. ಎಂದರೆ, ಮೂವತ್ತಾರನೆಯ ಇಸವಿಯಲ್ಲಿ ಹುಣಸೂರಿನ ಮರದ ಡಿಪೋದಲ್ಲಿ ರೈಟರಾಗಿದ್ದೆ. ಹೆಗ್ಗಡದೇವನಕೋಟೆಯ ಕಾಡಿನಿಂದ ಬರುವ ದಿಮ್ಮಿಗಳ ಸೊಂಟಕ್ಕೆ ಟೇಪು ಸುತ್ತಿ ಸುತ್ತಳತೆ ಬರೆಯುವುದು ನನ್ನ ಕೆಲಸ. ದಿನವೂ ಅಳೆಯುವವನಿಗೆ ಜಗತ್ತಿನಲ್ಲಿ ಅಳತೆಗೆ ಸಿಕ್ಕದ್ದು ಏನೂ ಇಲ್ಲವೆಂಬ ಅಹಂಕಾರ ಬರುತ್ತದೆ. ಕುತೂಹಲಕ್ಕೆಂದು ಒಮ್ಮೆ ನನ್ನ ಎದೆಯನ್ನೇ ಅಳೆದುಕೊಂಡೆ. ಡಿಪೋದ ನಿಯಮದಂತೆ ಅಷ್ಟು ಸಣ್ಣ ಸುತ್ತಿನ ಮಾಲನ್ನು ಸೌದೆಯ ಪಟ್ಟಿಗೆ ಸೇರಿಸಬೇಕಾಗಿತ್ತು. ಈ ಅವಮಾನವನ್ನು ತೊಡೆಯಲು ಗರಡಿಗೂ ಸೇರಿದೆ. ಮೂರನೆಯ ದಿನ ಗದೆಯನ್ನು ನಾನು ಎತ್ತಲು ಹೋಗಿ, ಗದೆ ನನ್ನನ್ನು ಇಳಿಸಿ, ವ್ಯಾಯಾಮವನ್ನು ಅಲ್ಲಿಗೇ ಮುಗಿಸಿ ಸಾಹಿತ್ಯಕ್ಕೆ ಬಂದೆ. ಮೈಸೂರಿನ ವಾರಪತ್ರಿಕೆಯೊಂದಕ್ಕೆ ‘ಒಂದು ಕೀರ್ತಿಯ ಸುತ್ತಳತೆ’ ಎಂಬ ಲೇಖನ ಬರೆದು ಪೀರ್ ಸಾಬರ ಪವಾಡಗಳ ಬಣ್ಣ ಬಯಲು ಮಾಡುವುದೆಂದು ನಿಶ್ಚಯಿಸಿದೆ. ಶೀರ್ಷಿಕೆಯನ್ನೂ, ಕೊನೆಯಲ್ಲಿ ನನ್ನ ಹೆಸರನ್ನೂ ದಪ್ಪಕ್ಷರಗಳಲ್ಲಿ ಬರೆದಾಗಿತ್ತು. ನಡುವಿನ ಭಾಗವಷ್ಟೇ ಬಾಕಿ.

ಪವಾಡಗಳಿಗೇನು ಕೊರತೆ? ಸಂತೆಬೀದಿಯ ಚಿಕ್ಕಬಸಪ್ಪನವರ ಕಾಫಿ ಹೋಟೆಲಿನಲ್ಲಿ ಅವು ಇಡ್ಲಿಗಿಂತ ಬಿಸಿಯಾಗಿ ಸಿಕ್ಕುತ್ತಿದ್ದವು. ಸಾಬರ ತೋಳು ಹದಿನೆಂಟು ಇಂಚು. ಒಂದು ಹೊತ್ತಿಗೆ ಇಡೀ ಕುರಿ. ಅಂತರಸಂತೆಯ ಕಾಡಿನಲ್ಲಿ ಆನೆಯ ಬಾಲ ಹಿಡಿದು ನಿಲ್ಲಿಸಿದ್ದು. ಎಲ್ಲಕ್ಕಿಂತ ಮಿಗಿಲಾಗಿ, ಈಗ ಕೃಷ್ಣರಾಜನಗರವೆನ್ನುವ ಅಂದಿನ ಎಡತೊರೆಯಲ್ಲಿ, ಪಿರಿಯಾಪಟ್ಟಣದ ಕಡೆಯ ಅಂಕಯ್ಯನನ್ನು ಕೆಡವಿ, ಈ ಕರಿ ಕೋಟನ್ನು ಬಹುಮಾನ ಪಡೆದದ್ದು.

“ನಾನೇ ಕಣ್ಣಾರ ಕಂಡಿವ್ನಿ ಕಣ್ರೀ ರೈಟ್ರೇ! ಅಂಕಯ್ಯ ಬಿದ್ದ ಏಟ್ಗೆ ನೆಲ ಅದ್ರೋಗಿ ನನ್ ಕೈಲಿದ್ದ ಪುರಿ ಎಲ್ಲ ಚೆಲ್ಲೋಯ್ತು” ಎನ್ನುತ್ತಿದ್ದರು ಚಿಕ್ಕಬಸಪ್ಪ. ಕುಸ್ತಿ ನಡೆದು ಇಪ್ಪತ್ತೆರಡು ವರ್ಷ. ಚಿಕ್ಕಬಸಪ್ಪನವರಿಗೆ ಆಗ ಇಪ್ಪತ್ತಮೂರು. ವಯಸ್ಸೇನೋ ಸರಿಯಾಗಿಯೇ ಇತ್ತು. ಆದರೆ ಅದೇ ದಿನ ಅದೇ ಹೊತ್ತಿಗೆ ಅವರು ಸರಗೂರಿನಲ್ಲಿ ತಮ್ಮದೇ ಮದುವೆಯ ಹಸೆಮಣೆಯ ಮೇಲಿದ್ದರೆಂದು ಅವರ ಹೆಂಡತಿಯೇ ಒಳಗಿನಿಂದ ಕೂಗಿ ಹೇಳಿದರು.

ಪೀರ್ ಸಾಬರದು ಗಾಡಿ ಚಕ್ರ ಮಾಡುವ ಕಸುಬು. ಮರ ಕೊಳ್ಳಲು ಡಿಪೋಗೆ ಬಂದಾಗ ನಾನು ತೋಳು ಅಳೆಯುತ್ತೇನೆಂದೆ. ಅವರು ಕೂಡಲೇ ತೋಳು ಚಾಚಿದರು: ಕೋಟು ಸೇರಿ ಹದಿನಾಲ್ಕು ಇಂಚು. ಕುರಿಯ ವಿಷಯ ಕೇಳಿದೆ. “ಹುಳಿತೇಗು ಬರ್ತದೆ ರೈಟ್ರೇ. ಮುದ್ದೆ, ಸೊಪ್ಪಿನ ಸಾರು, ಅಷ್ಟೆ.” ಆನೆ? “ಆನೆ ನಿಂತಿತ್ತು. ನಾನು ಹಿಂದೆ ನಿಂತಿದ್ದೆ. ಅದು ಬುಡಿ, ನಿಮ್ ಕಡೆ ಮಳೆ ಆಯ್ತಾ?”

ಅದು ಅವರ ವಾಡಿಕೆ. ಯಾರು ಹೊಗಳಿದರೂ, “ಅದು ಬುಡಿ, ನಿಮ್ ಕಡೆ ಮಳೆ ಆಯ್ತಾ?” ಎಂದು ಮಾತನ್ನು ಮಳೆಗೆ ತಿರುಗಿಸುವುದು. ಅವರ ಸಜ್ಜನಿಕೆಯನ್ನು ಕಂಡು ಜನ ಗದ್ಗದಿತರಾಗುತ್ತಿದ್ದರು. ನನಗೆ ಮಾತ್ರ ಖುಷಿ. ನನ್ನ ಲೇಖನದ ನಡುವಿನ ಭಾಗ ತುಂಬುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ ಅವರು ಚಕ್ರ ಮಾಡುವ ಚಪ್ಪರಕ್ಕೆ ಹೋಗಿ, ಸತ್ಯಾನ್ವೇಷಕನ ಗಾಂಭೀರ್ಯದಿಂದ ಲೇಖನವನ್ನು ಓದಿ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ, ಓಡುವುದಕ್ಕೆ ಅನುಕೂಲವಾಗಲೆಂದು ಚಪ್ಪರದ ಅಂಚಿನಲ್ಲೇ ಕೂತಿದ್ದೆ. ಪೀರ್ ಸಾಬರು ಉಳಿಯನ್ನು ಕೆಳಗಿಟ್ಟು, “ಚೆನ್ನಾಗ್ ಬರ್ದಿದೀರಿ. ಮುಖ್ಯವಾದ್ದೇ ಬುಟ್ಟಿದೀರಲ್ಲ. ಎಡತೊರೇಲಿ ನಾನು ಸೋತೆ” ಎಂದರು.

ನಾನು ಮಳೆಯ ವಿಷಯಕ್ಕಾಗಿ ಕಾದೆ. ಅದು ಬರಲಿಲ್ಲ.

“ಬೇರೆ ಎಲ್ಲ ಗೆದ್ದಿದ್ದೇ. ಸುಳ್ಳೇನಿಲ್ಲ. ಅದೊಂದು ಸೋತೆ. ಅಂಕಯ್ಯೋರು ಎತ್ತಿ ಒಗೆದ್ರು, ಎರಡು ಭುಜಾನೂ ಮಣ್ಣಿಗೆ ತಾಗ್ತು. ತೀರ್ಪುಗಾರ್ರು ಪುಟ್ಟಮಲ್ಲಪ್ಪೋರು, ಪಾಪ ಈಗಿಲ್ಲ, ಸರಿಯಾಗಿ ಅದೇ ಹೊತ್ಗೆ ನಸ್ಯ ಏರ್ಸಿದ್ರು. ಒಂದಲ್ಲ, ಐದು ಸೀನು! ಜನ ಎಲ್ಲ ಅವರ್ನೇ ನೋಡ್ಕೊಂಡು ನಗ್ತಿದ್ರು. ಅಷ್ಟರಲ್ಲಿ ಮೈಗೆ ಅಭ್ಯಾಸ ನೋಡಿ, ಹೊರಳ್ಕೊಂಡು ಮೇಲೆ ಬಂದ್ಬುಟ್ಟೆ. ಅವರು ಕಣ್ಣು ಬುಟ್ಟಾಗ ಅಂಕಯ್ಯೋರು ಕೆಳಗೆ, ನಾನು ಮೇಲೆ.”

“ಅಲ್ಲೇ ಹೇಳಬಹುದಿತ್ತಲ್ಲ?”

“ಹೇಳ್ಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಕೋಟು ತಂದು ಬೆನ್ನಿಗೆ ಹಿಡಿದ್ರು. ಕೈ ತೋಳೊಳಗೆ ಹೋಗ್ಬುಡ್ತು, ರೈಟ್ರೇ.”

ನಮ್ಮ ಕಡೆಯ ಗರಡಿಗಳಲ್ಲಿ ಒಂದು ಪದ್ಧತಿ ಇದೆ. ಗೆದ್ದವನು ತನ್ನ ವಸ್ತ್ರದಿಂದ ಸೋತವನ ಬೆನ್ನಿನ ಮಣ್ಣನ್ನು ಒರೆಸಬೇಕು. ಅಲ್ಲಿಯವರೆಗೆ ಕುಸ್ತಿ ಮುಗಿದಂತಲ್ಲ, ಮನಸ್ಸಿನ ಹಗೆ ಇಳಿದಂತಲ್ಲ. ಅಂದು ಪೀರ್ ಸಾಬರು ಅಂಕಯ್ಯನ ಬೆನ್ನನ್ನು ಒರೆಸಿದ್ದರು. “ನನ್ ಬೆನ್ನಲ್ಲಿ ಮಣ್ಣಿಟ್ಕೊಂಡು ಅವರ ಬೆನ್ನು ಒರ್ಸ್ದೆ. ಮಾರನೇ ದಿನದಿಂದ ಸಿಕ್ಕೋರಿಗೆಲ್ಲ ಹೇಳ್ತಾನೇ ಇದೀನಿ. ಒಬ್ರೂ ನಂಬೋದಿಲ್ಲ. ಎಂಥ ದೊಡ್ಡ ಮನಸ್ಸು ಸಾಬ್ರೇ ಅಂತಾರೆ!” ಕೋಟನ್ನು ಒಮ್ಮೆಯೂ ಒಗೆಸಿಲ್ಲವೆಂದೂ, ಅದರ ಒಳಮೈಯಲ್ಲಿ ಎಡತೊರೆಯ ಮಣ್ಣು ಇನ್ನೂ ಕೆಂಪಗಿದೆಯೆಂದೂ ಅವರು ಹೇಳಿದಾಗ, ಬೆನ್ನು ಕಾಣದಂತೆ ಅವರು ಯಾಕೆ ನಡೆಯುತ್ತಾರೆಂಬುದು ನನ್ನಂಥ ಅಳತೆಗಾರನಿಗೂ ಹೊಳೆಯಿತು.

“ನೀವು ಬರೆಯೋರು. ಅಂಕಯ್ಯೋರ ಊರಿಗೆ ನನ್ ಜೊತೆ ಬನ್ನಿ. ಒಬ್ನೇ ಹೋಗೋಕೆ ಧೈರ್ಯ ಸಾಲಲ್ಲ” ಎಂದರು, ಸಂಸ್ಥಾನಕ್ಕೇ ಧೈರ್ಯವಂತರೆನಿಸಿಕೊಂಡವರು.

ಮುಂದಿನ ಭಾನುವಾರ ಮೋಟಾರು ಬಸ್ಸಿನಲ್ಲಿ ಪಿರಿಯಾಪಟ್ಟಣಕ್ಕೆ ಹೋಗಿ ಅಲ್ಲಿಂದ ಎರಡು ಮೈಲಿ ನಡೆದೆವು. ದಾರಿಯಲ್ಲಿ ಅಂಕಯ್ಯನ ಮನೆ ಕೇಳಿದರೆ, “ಯಾವ ಅಂಕಯ್ಯ? ಗೆದ್ದ ಅಂಕಯ್ಯನಾ?” ಎಂದು ನಕ್ಕು ದಾರಿ ತೋರಿಸಿದರು. ಆ ಹಳ್ಳಿಯಲ್ಲಿ ಯಾರು ಬುರುಡೆ ಬಿಟ್ಟರೂ ‘ಗೆದ್ದ ಅಂಕಯ್ಯನಂಗೆ ಮಾತಾಡಬೇಡ’ ಎನ್ನುವುದು ರೂಢಿಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ಆ ಮನುಷ್ಯ ನಿಜ ಹೇಳಿ ಹೇಳಿ ಊರಿಗೇ ಸುಳ್ಳುಗಾರನಾಗಿದ್ದ.

ಅಂಕಯ್ಯ ಹೊಗೆಸೊಪ್ಪು ಬೆಳೆಯುವ ರೈತ. ಕುಳ್ಳಗೆ, ಗಟ್ಟಿಯಾಗಿ, ಬಂಡೆಯಿಂದ ಕಡಿದು ತೆಗೆದಂತಿದ್ದ. ಪೀರ್ ಸಾಬರನ್ನು ಕಂಡು ಎದ್ದು ನಿಂತ. ಮಾತಾಡಿದವಳು ಅವನ ಹೆಂಡತಿ ಕುಳ್ಳಮ್ಮ.

“ಬನ್ನಿ ಸಾಬ್ರೇ, ಕೂತ್ಕಳಿ. ಇವ್ರು ಮದ್ವೆ ಆಗಿ ಪರಸ್ತದ ರಾತ್ರೀಲೂ ನಿಮ್ ಕಥೇನೇ ಯೋಳಿದ್ದು. ಆವತ್ತಿಂದ ಒಂದೇ ಪುರಾಣ. ನಾನಂತೂ ನಂಬಿಲ್ಲ ಕಣಪ್ಪ.”

“ನಂಬಿ ತಾಯಿ, ನಿಜ” ಎಂದರು ಪೀರ್ ಸಾಬರು.

“ಅಯ್ಯೋ, ಎಂಥ ದೊಡ್ ಮನ್ಸು ಸಾಬ್ರೇ ನಿಮ್ದು!” ಎಂದಳು ಕುಳ್ಳಮ್ಮ. ಪೀರ್ ಸಾಬರು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ.

ಆಗ ಅಂಕಯ್ಯ ಬಾಯಿ ಬಿಟ್ಟ. “ಆ ನಸ್ಯದ ಸೊಪ್ಪು ನನ್ ಒಲದ್ದೇ ಇದ್ದಿರ್ಬೇಕು ಸಾಬ್ರೇ. ಆ ವರ್ಸ ಎಡತೊರೆ ಸಂತೇಲೇ ಮಾರಿದ್ದೆ.” ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗಲು ಶುರು ಮಾಡಿದವರು, ಕುಳ್ಳಮ್ಮ ಮಜ್ಜಿಗೆ ತರುವವರೆಗೂ ನಿಲ್ಲಿಸಲಿಲ್ಲ.

ಅಮಾವಾಸ್ಯೆ ಕಳೆದ ಭಾನುವಾರ ಹುಣಸೂರಿನ ಗರಡಿಯಲ್ಲಿ ಸೇರುವುದೆಂದು ಮಾತಾಯಿತು. ಆ ದಿನ ಊರೆಲ್ಲ ನೆರೆದಿತ್ತು. ಎಡತೊರೆಯ ನಿಜವನ್ನು ಬರೆದ ಕಾಗದವನ್ನು ನಾನು ಗಂಟಲು ಹರಿಯುವಂತೆ ಓದಿದೆ. ಓದಿ ಮುಗಿಸಿದಾಗ ಚಪ್ಪಾಳೆಯೋ ಚಪ್ಪಾಳೆ: ಪೀರ್ ಸಾಬರ ಔದಾರ್ಯಕ್ಕೆ. ಒಬ್ಬನಂತೂ ಕಣ್ಣೊರೆಸಿಕೊಂಡ. ಅಂಕಯ್ಯನ ಮುಖ ಇಳಿದುಹೋಯಿತು.

ಪೀರ್ ಸಾಬರು ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಕಳಚಿ ನನ್ನ ಕೈಗೆ ಕೊಟ್ಟು, ಅಖಾಡಕ್ಕೆ ಇಳಿದು ಮಣ್ಣಿನ ಮೇಲೆ ಅಂಗಾತ ಮಲಗಲು ಹೋದರು. ಅಂಕಯ್ಯ ಗದರಿದ.

“ಏಯ್ ಸಾಬ್ರೇ! ಸುಮ್ಕೆ ಮಲೀಕಂಡ್ರೆ ನಂಗೆ ಬ್ಯಾಡ. ಭಿಕ್ಷ ಈಸ್ಕಳಕ್ಕೆ ಬಂದಿದೀನಾ? ಏಳಿ ಮೇಲೆ. ಇಡೀರಿ ಪಟ್ಟು!”

“ವಯಸ್ಸಾಯ್ತಲ್ರೀ ಅಂಕಯ್ಯೋರೇ.”

“ನಂಗೇನ್ ಇಪ್ಪತ್ತಾ?”

ತೀರ್ಪುಗಾರನಾಗಿ ನನ್ನನ್ನು ನಿಲ್ಲಿಸಿದರು. ನನ್ನ ಅರ್ಹತೆ ಒಂದೇ, ನಸ್ಯದ ಅಭ್ಯಾಸ ಇರಲಿಲ್ಲ. ಐವತ್ತು ದಾಟಿದ ಇಬ್ಬರೂ ತೊಡೆ ತಟ್ಟಿ ಕೈಗೆ ಕೈ ಕೊಟ್ಟರು. ಪೀರ್ ಸಾಬರು ಸೋಲಲೆಂದೇ ಬಂದವರು. ಆದರೆ ಅಂಕಯ್ಯನ ಕೈ ಸೊಂಟಕ್ಕೆ ಬಿದ್ದದ್ದೇ ತಡ, ಅವರ ದೇಹ ಅವರ ಮಾತನ್ನು ಕೇಳಲಿಲ್ಲ. ಮೂವತ್ತು ವರ್ಷದ ಅಭ್ಯಾಸವೆಲ್ಲ ಕಾಲಿಗೆ ಇಳಿದು ನೆಲವನ್ನು ಕಚ್ಚಿತು. ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದನ್ನು ನಾನು ಒಂದು ಮೊಳದ ಅಂತರದಿಂದ ನೋಡಿದೆ. ಒಮ್ಮೆ ಅಂಕಯ್ಯನೇ ಕೆಳಗೆ ಬಂದ, ಹೇಗೋ ನುಸುಳಿಕೊಂಡ. ಇಬ್ಬರ ಉಸಿರೂ ಕುಲುಮೆಯ ತಿದಿಯಂತೆ ಬುಸುಗುಡುತ್ತಿತ್ತು. ಮತ್ತೆ ಅದೇ ಎಡತೊರೆಯ ಪಟ್ಟು: ಮೊಣಕಾಲು ಊರಿ, ಸೊಂಟ ಹಿಡಿದು, ಅಂಕಯ್ಯ ಸಾಬರನ್ನು ಎತ್ತಿ ಒಗೆದ. ನಾನು ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ ನೋಡಿದೆ. ಬಲಭುಜ ತಾಗಿತ್ತು. ಎಡಭುಜ ನಾಲ್ಕು ಬೆರಳು ಮೇಲಿತ್ತು, ಮೂರು, ಎರಡು, ತಾಗಿತು.

“ಚಿತ್!” ಎಂದು ಕೂಗಿದೆ. ಧ್ವನಿ ಒಡೆದು ಕೀಚಲಾಗಿ ಬಂತು. ಆದರೆ ನನ್ನ ಜೀವಮಾನದಲ್ಲಿ ಅಷ್ಟು ನಿಖರವಾದ ಅಳತೆಯನ್ನು ನಾನು ಬೇರೆ ತೆಗೆದಿಲ್ಲ.

ಆಮೇಲೆ ಚಿಕ್ಕಬಸಪ್ಪನವರು ನಿಟ್ಟುಸಿರು ಬಿಟ್ಟು, “ನೋಡಿದ್ರಾ? ಎಷ್ಟ್ ನಾಜೂಕಾಗಿ ಬಿದ್ಕೊಟ್ರು! ಗೊತ್ತೇ ಆಗ್ನಿಲ್ಲ!” ಎಂದರು. ಊರಿಗೆ ಊರೇ ಹೌದೆಂದು ತಲೆದೂಗಿತು.

ಆದರೆ ಗಂಡನೊಡನೆ ಬಂದು ಅಖಾಡದ ಅಂಚಿನಲ್ಲಿ ನಿಂತಿದ್ದ ಕುಳ್ಳಮ್ಮ ತಲೆದೂಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗಂಡನನ್ನೇ ನೋಡುತ್ತಿದ್ದವಳು, “ಅಲ್ಲಾ, ನಿಜ್ವಾಗ್ಲೂ ಕೆಡವ್‌ಬುಟ್ರಲ್ರೀ!” ಎಂದಳು. ನೇಗಿಲು ಹೂಡುವಾಗಲೂ ಮೂಟೆ ಹೊರುವಾಗಲೂ ಎತ್ತುಗಳನ್ನು ಹಿಡಿದು ಕಟ್ಟುವಾಗಲೂ ಗಂಡನ ದೇಹದ ಬಲವನ್ನು ಕಂಡವಳು ಅವಳು; ಬಿದ್ದುಕೊಟ್ಟದ್ದಕ್ಕೂ ಬೀಳಿಸಿದ್ದಕ್ಕೂ ಇರುವ ವ್ಯತ್ಯಾಸ ಅವಳಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಅಂಕಯ್ಯ ಊರಿನ ಕಡೆ ತಿರುಗಿಯೂ ನೋಡಲಿಲ್ಲ. ಹೆಂಡತಿಯ ಆ ಒಂದು ಮಾತು ಅವನಿಗೆ ಸಾಕಾಗಿತ್ತು.

ಪೀರ್ ಸಾಬರು ಎದ್ದು ಕೂತು, ನೆರೆದವರೆಲ್ಲರ ಎದುರಿಗೆ ಬೆನ್ನು ತಿರುಗಿಸಿದರು. ಅಗಲವಾದ, ಬಿಸಿಲನ್ನೇ ಕಾಣದೆ ಬಿಳಿಚಿಕೊಂಡ ಬೆನ್ನು. ಅದರ ತುಂಬ ಕೆಂಪು ಮಣ್ಣು. ಅಂಕಯ್ಯ ತಲೆಯ ವಸ್ತ್ರ ಬಿಚ್ಚಿ, ಕರುವಿನ ಮೈ ಒರೆಸುವಂತೆ, ನಿಧಾನವಾಗಿ ಮೇಲಿನಿಂದ ಕೆಳಗೆ ಒರೆಸಿದ. ಒರೆಸುತ್ತ, “ಮಳೆ ಆಯ್ತಾ ಸಾಬ್ರೇ ನಿಮ್ ಕಡೆ?” ಎಂದ. “ಆಯ್ತು ಕಣ್ರೀ, ಈಗ ಆಯ್ತು” ಎಂದರು ಪೀರ್ ಸಾಬರು.

ಕೋಟು ಅಂದೇ ಅಂಕಯ್ಯನ ಪಾಲಾಯಿತು. ಅದು ಅವನ ಮೊಣಕಾಲು ಮುಟ್ಟುತ್ತಿತ್ತು. ಅದನ್ನೇ ತೊಟ್ಟು ಹೊಗೆಸೊಪ್ಪಿನ ಹೊಲದಲ್ಲಿ ಓಡಾಡುತ್ತಿದ್ದಾನೆಂದು ಆಮೇಲೆ ಕೇಳಿದೆ. ಇತ್ತ ಚಿಕ್ಕಬಸಪ್ಪನವರ ಹೋಟೆಲಿನಲ್ಲಿ ಹೊಸ ಅಧ್ಯಾಯ ಆರಂಭವಾಯಿತು: ಸೋತವನಿಗೆ ಮೈಮೇಲಿನ ಕೋಟನ್ನೇ ಬಿಚ್ಚಿಕೊಟ್ಟ ದಾನಶೂರ ಪೀರ್ ಸಾಬ್! ನನ್ನ ಲೇಖನವನ್ನು ತಿದ್ದಿ, ಕಂಡದ್ದನ್ನು ಕಂಡಂತೆ ಬರೆದು ಮೈಸೂರಿಗೆ ಕಳಿಸಿದೆ. ‘ಮಹನೀಯರ ವಿನಯವನ್ನು ಅಕ್ಷರಶಃ ನಂಬುವುದು ಎಳೆಯ ಲೇಖಕರ ಸಾಮಾನ್ಯ ದೋಷ’ ಎಂಬ ಟಿಪ್ಪಣಿಯೊಡನೆ ಅದು ಹಿಂದಿರುಗಿತು.

ಪೀರ್ ಸಾಬರು ಆಮೇಲೆ ನಮ್ಮ ಡಿಪೋದಿಂದ ಎಲ್ಲರಂತೆ ಬೆನ್ನು ತಿರುಗಿಸಿ, ಜುಬ್ಬದಲ್ಲಿ ಗಾಳಿ ತುಂಬಿಕೊಂಡು, ಹೊರಟುಹೋಗುವುದನ್ನು ನೋಡುವುದೇ ನನಗೊಂದು ಹಬ್ಬವಾಗಿತ್ತು. ಆ ಕೀರ್ತಿಗೆ ಅವರು ಅರ್ಹರೇ ಎಂದು ಈಗ ಯಾರಾದರೂ ಕೇಳಿದರೆ ನನ್ನ ಟೇಪು ತಡವರಿಸುತ್ತದೆ. ತೋಳಿನಲ್ಲಿ ನಾಲ್ಕು ಇಂಚು ಕಡಿಮೆ, ಕುರಿ ಇಲ್ಲ, ಆನೆ ಇಲ್ಲ, ಸೋಲು ಎರಡು. ಕೀರ್ತಿಯೆಂಬುದನ್ನು ಊರು ಅಳತೆ ತೆಗೆದುಕೊಳ್ಳದೆಯೇ ಹೊಲಿದು ತಂದು ಬೆನ್ನಿಗೆ ಹಿಡಿಯುತ್ತದೆ. ನನ್ನಂಥ ಸೌದೆಪಟ್ಟಿಯವರು ಅದು ಸಡಿಲವಾದರೂ ಗುಂಡಿ ಹಾಕಿಕೊಂಡು, ಎದೆಯುಬ್ಬಿಸಿ, ಅಳತೆ ಸರಿಯಾಗಿಯೇ ಇದೆಯೆಂದು ಸಾಧಿಸುತ್ತೇವೆ. ಪೀರ್ ಸಾಬರಂಥವರು ಬೇರೆ. ಅವರಿಗೂ ಕೈ ತೋಳೊಳಗೆ ಹೋಗಿಬಿಡುತ್ತದೆ, ಅವರೂ ಮನುಷ್ಯರೇ. ಆದರೆ ಒಳಗಿನ ಮಣ್ಣು ತುರಿಸುತ್ತಿರುವುದನ್ನು ಅವರು ಒಂದು ದಿನವೂ ಮರೆಯುವುದಿಲ್ಲ, ಅದನ್ನು ಒರೆಸಬೇಕಾದ ಕೈ ಯಾರದೆಂಬುದನ್ನೂ ಮರೆಯುವುದಿಲ್ಲ, ಮತ್ತು ಎಂದಾದರೊಂದು ಭಾನುವಾರ ಬಸ್ಸು ಹತ್ತಿ ಆ ಕೈಯನ್ನು ಹುಡುಕಿಕೊಂಡು ಹೋಗುತ್ತಾರೆ.